ಆಕ್ಸಿಜನ್ ಕ್ಲೀನರ್ ಪುಡಿ: ಯಾವ ಲೋಹಕ್ಕೆ ಸೈ, ಯಾವುದಕ್ಕೆ ಬೇಡ – ನನ್ನ ಅನುಭವ

ಸ್ಟೀಲ್ ಟ್ಯಾಂಕು, ಪ್ಲಾಸ್ಟಿಕ್ ಡ್ರಮ್ಮು, ಪೈಪು, ನಲ್ಲಿ, ಬಾಟಲಿ... ನಾನು ತೊಳೆಯುವ ಸಾಮಾನುಗಳಲ್ಲಿ ಕೈ ಹೋಗದ ಜಾಗಗಳೇ ಜಾಸ್ತಿ. ಅಲ್ಲಿ ಒಣಗಿ ಅಂಟಿಕೊಂಡ ಜಿಡ್ಡನ್ನು ಉಜ್ಜಿ ತೆಗೆಯಲಾಗದು, ನೆನೆಸಬೇಕು. ಅದಕ್ಕೆ ನಾನು ಬಳಸುವುದು ಸೋಡಿಯಂ ಪರ್ಕಾರ್ಬೊನೇಟ್ ಇರುವ ಪುಡಿ. ಆಕ್ಸಿಜನ್ ಬ್ಲೀಚ್, ಆಕ್ಸಿ ಕ್ಲೀನರ್ ಅಂತೆಲ್ಲ ಹೆಸರು ಹಾಕಿರುತ್ತಾರೆ. ನೀರಿಗೆ ಬಿದ್ದರೆ ಅದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಸೋಡಾ ಜಿಡ್ಡನ್ನು ಸಡಿಲ ಮಾಡುತ್ತದೆ, ಪೆರಾಕ್ಸೈಡ್ ಕಲೆಯನ್ನೂ ಕೆಟ್ಟ ವಾಸನೆಯನ್ನೂ ತೆಗೆಯುತ್ತದೆ. ಕ್ಲೋರಿನ್ ಘಾಟು ಇಲ್ಲದ್ದರಿಂದ ಜನ ಇದನ್ನು ತುಂಬಾ ಸಾಧು ಅಂದುಕೊಳ್ಳುತ್ತಾರೆ. ಆದರೆ ಈ ನೀರಿನ ಪಿಎಚ್ 10.5ರ ಆಸುಪಾಸು ಇರುತ್ತದೆ. ಕೆಲವು ಲೋಹಗಳನ್ನು ತಿನ್ನಲು ಅಷ್ಟು ಕ್ಷಾರ ಸಾಕು.

ಹಾಗಾಗಿ ನಾನು ಮೊದಲು ನೋಡುವುದು ಸಾಮಾನು ಯಾವುದರಿಂದ ಮಾಡಿದ್ದು ಅಂತ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಚಿಂತೆ ಇಲ್ಲ. ಕ್ಲೋರಿನ್ ಬ್ಲೀಚ್ ಸ್ಟೀಲಿನ ಮೇಲೆ ಸಣ್ಣ ಸಣ್ಣ ಗುಳಿ ಬೀಳಿಸಬಲ್ಲದು, ಇದು ಹಾಗೆ ಮಾಡುವುದಿಲ್ಲ. ಅಲ್ಯುಮಿನಿಯಂ ಮಾತ್ರ ನನ್ನ ಬಕೆಟ್ಟಿಗೆ ಇಳಿಯುವುದೇ ಇಲ್ಲ. ಅದರ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಇದೆಯಲ್ಲ, ಅದನ್ನು ಕಾಪಾಡುವುದೇ ಆ ಪದರ; ಕ್ಷಾರ ಮೊದಲು ಕರಗಿಸುವುದೂ ಅದನ್ನೇ, ಆಮೇಲೆ ಒಳಗಿನ ಲೋಹ ಕರಗಿ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಮೇಲ್ಮೈ ಬೂದು ಇಲ್ಲವೇ ಕಪ್ಪು ತಿರುಗುತ್ತದೆ. ಬಣ್ಣ ಹಾಕಿದ ಆನೊಡೈಸ್ಡ್ ಅಲ್ಯುಮಿನಿಯಂ, ಅಂದರೆ ಕರೆಂಟ್ ಹಾಯಿಸಿ ಮೇಲಿನ ಪದರವನ್ನು ದಪ್ಪ ಮಾಡಿದ್ದು, ಅದೂ ಬೇಡ, ಆ ಪದರವೂ ಆಕ್ಸೈಡೇ ಅಲ್ವಾ. ಕೆಲವು ಕ್ಲೀನರ್‌ಗಳಲ್ಲಿ ಸೋಡಿಯಂ ಮೆಟಾಸಿಲಿಕೇಟ್ ಸೇರಿಸಿರುತ್ತಾರೆ, ಅದು ಈ ಸವೆತವನ್ನು ತಡೆಯುತ್ತದೆ. ಡಬ್ಬಿಯ ಮೇಲೆ ಅಲ್ಯುಮಿನಿಯಂಗೆ ಆಗುತ್ತದೆ ಅಂತ ಬರೆದಿದ್ದರೆ ಮಾತ್ರ ಅದನ್ನು ಬಳಸುತ್ತೇನೆ, ಅದೂ ಕಾಣದ ಮೂಲೆಯಲ್ಲಿ ಒಂದು ಹನಿ ಬಿಟ್ಟು ನೋಡಿಯೇ. ಸತು ಲೇಪಿಸಿದ ಜಿಐ ಸಾಮಾನಿಗೂ ಇದೇ ಮಾತು.

ಹಿತ್ತಾಳೆ, ತಾಮ್ರದ ಕತೆ ಬೇರೆ. ಅವು ಮಂಕಾಗುತ್ತವೆ, ಜೊತೆಗೆ ಪೆರಾಕ್ಸೈಡನ್ನು ಬೇಗ ಒಡೆದುಹಾಕುತ್ತವೆ. ನೊರೆ ಜೋರಾಗಿ ಬರುತ್ತದೆ, ನೋಡಿದವರಿಗೆ ಭಾರೀ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ನಿಜಕ್ಕೂ ಶಕ್ತಿ ಸುಮ್ನೆ ಗಾಳಿಯಾಗಿ ಹೋಗುತ್ತಿರುತ್ತದೆ. ತುಕ್ಕೂ ಇದೇ ಕೆಲಸ ಮಾಡುತ್ತದೆ. ನಲ್ಲಿಗಳಲ್ಲಿ ಮೋಸ ಹೋಗುವುದು ಸುಲಭ, ಹೊರಗೆ ಸ್ಟೀಲಿನ ಹಾಗೆ ಹೊಳೆಯುತ್ತದೆ, ಒಳಗೆ ಹಿತ್ತಾಳೆ. ಅದಕ್ಕೇ ಎಲ್ಲವನ್ನೂ ಬಿಚ್ಚಿ, ಸ್ಟೀಲ್ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ, ವಾಷರ್‌ಗಳು ಇನ್ನೊಂದು ಕಡೆ ಅಂತ ಇಟ್ಟುಕೊಳ್ಳುತ್ತೇನೆ. ಬೇಸರದ ಕೆಲಸ, ಆದರೆ ಕೊಳೆ ಹೇಗೂ ಕೂತಿರುವುದು ಆ ಸಂದುಗಳಲ್ಲೇ.

ಪ್ಲಾಸ್ಟಿಕ್ಕಿಗೆ ತಳದ ತ್ರಿಕೋನದ ನಂಬರ್ ನೋಡಿದರಾಯಿತು. 2 ಅಂದರೆ ಎಚ್‌ಡಿಪಿಇ, 5 ಅಂದರೆ ಪಾಲಿಪ್ರೊಪಿಲೀನ್, ಎರಡೂ ತಡೆದುಕೊಳ್ಳುತ್ತವೆ. 1 ಅಂದರೆ ಪೆಟ್, ಬಿಸಿ ನೀರು ಹಾಕಿದರೆ ಆಕಾರ ಕೆಡುತ್ತದೆ, ಅದಕ್ಕೆ ಉಗುರುಬೆಚ್ಚಗಿನ ನೀರು ಮತ್ತು ಕಡಿಮೆ ಹೊತ್ತು. 7ರಲ್ಲಿ ಹಲವು ಬಗೆ ಸೇರಿಕೊಂಡಿವೆ. ಗಾಜಿನಂತೆ ಕಾಣುವ ಗಟ್ಟಿ ಪಾಲಿಕಾರ್ಬೊನೇಟ್ ಇರುವುದು ಅಲ್ಲೇ. ಬಿಸಿ ಕ್ಷಾರ ಅದಕ್ಕೆ ಆಗಿಬರುವುದಿಲ್ಲ, ಮಬ್ಬಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಂಥದ್ದನ್ನು ನಾನು ಸಾದಾ ಸೋಪಿನ ನೀರಲ್ಲೇ ತೊಳೆಯುತ್ತೇನೆ. ಸಿಲಿಕೋನ್ ವಾಷರ್‌ಗೆ ತೊಂದರೆ ಇಲ್ಲ.

ಅಳತೆಗೆ ಬಂದರೆ, ಲೀಟರಿಗೆ 5ರಿಂದ 10 ಗ್ರಾಂ ಸಾಕು. ನೀರು ಬೆಚ್ಚಗೆ, 40ರಿಂದ 60 ಡಿಗ್ರಿ. ತಣ್ಣೀರಲ್ಲಿ ಪುಡಿ ಸರಿಯಾಗಿ ಕರಗದೆ ತಳದಲ್ಲಿ ಕೂರುತ್ತದೆ, ಕೂತ ಜಾಗದಲ್ಲಿ ಕ್ಷಾರ ಗಾಢವಾಗುತ್ತದೆ. ಅದಕ್ಕೆ ಮೊದಲು ಬೇರೆ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಸುರಿಯುವುದು. ಅರ್ಧ ಗಂಟೆ ನೆನೆಸಿ ನೋಡುತ್ತೇನೆ, ಬೇಕಾದರೆ ಇನ್ನಷ್ಟು ಹೊತ್ತು ಬಿಡುತ್ತೇನೆ. ಕೊಳೆ ಹೋಗಲಿಲ್ಲ ಅಂತ ಪುಡಿ ಸುರಿಯುವುದಕ್ಕಿಂತ ಹೊಸ ಬೆಚ್ಚಗಿನ ನೀರಲ್ಲಿ ಮತ್ತೊಮ್ಮೆ ನೆನೆಸುವುದೇ ನನಗೆ ಸರಿ ಕಂಡಿದೆ.

ಇನ್ನು ಅಪಾಯದ ವಿಷಯ. 10 ಗ್ರಾಂ ಪುಡಿಯಿಂದ ಹೆಚ್ಚುಕಡಿಮೆ ಒಂದು ಲೀಟರ್ ಆಕ್ಸಿಜನ್ ಬರಬಹುದು. ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸಿದರೆ ಅಷ್ಟು ಗಾಳಿ ಎಲ್ಲಿಗೆ ಹೋಗಬೇಕು? ಸಿಡಿಯುತ್ತದೆ. ಮುಚ್ಚಳ ಸಡಿಲವಾಗಿಯೇ ಇರಲಿ. ಉಳಿದ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿಡುವುದೂ ಬೇಡ, ಕೆಲವು ಗಂಟೆಗಳಲ್ಲಿ ಅದರ ಕಸುವು ಹೇಗೂ ಹೋಗಿರುತ್ತದೆ. ಕ್ಲೋರಿನ್ ಬ್ಲೀಚ್ ಜೊತೆ ಬೆರೆಸಲೇಬಾರದು. ವಿನೆಗರ್ ಸೇರಿಸಿದರೆ ಬುರುಗು ಬರುತ್ತದೆ, ಆದರೆ ಸೋಡಾದ ಕ್ಷಾರ ಸತ್ತುಹೋಗುತ್ತದೆ. ಆ ಬುರುಗು ನೋಡಿ ಖುಷಿಪಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ನಾನು ಡಬ್ಬಿ ತೆರೆಯುವುದಿಲ್ಲ. ಪುಡಿ ಕಣ್ಣಿಗೆ ಬಿದ್ದರೆ ಚೆನ್ನಾಗಿ ನೀರು ಬಿಟ್ಟು ತೊಳೆಯುತ್ತಲೇ ಇದ್ದು, ಡಾಕ್ಟರ ಹತ್ತಿರ ಹೋಗಬೇಕು.

ತೊಳೆದಾದ ಮೇಲೆ ಬೆರಳಿಗೆ ಜಾರುವ ಅನುಭವ ಇದ್ದರೆ ಕ್ಷಾರ ಇನ್ನೂ ಹೋಗಿಲ್ಲ ಅಂತ. ಗಡಸು ನೀರಾದರೆ ಬಿಳಿ ಪೊರೆ ಕೂರುತ್ತದೆ, ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಎಷ್ಟು ಉಜ್ಜಿದರೂ ಹೋಗದು. ವಿನೆಗರ್ ಕೆಲಸಕ್ಕೆ ಬರುವುದು ಈಗ. ಕ್ಲೀನರ್ ನೀರನ್ನು ಪೂರ್ತಿ ಚೆಲ್ಲಿ, ಸಾಮಾನನ್ನು ಒಮ್ಮೆ ತೊಳೆದು, ಆಮೇಲೆ ವಿನೆಗರ್ ಇಲ್ಲವೇ ಸಿಟ್ರಿಕ್ ಆಸಿಡ್ ಬೆರೆಸಿದ ತೆಳು ನೀರಲ್ಲಿ ಜಾಲಿಸಿದರೆ ಪೊರೆ ಬಿಡುತ್ತದೆ. ಕೊನೆಗೆ ಮತ್ತೆ ಬರೀ ನೀರು, ಗಾಳಿಯಲ್ಲಿ ಒಣಗಿಸುವುದು. ಪುಡಿಯ ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ, ತೇವ ತಾಗಿದರೆ ಅದು ಒಳಗೇ ಒಡೆಯತೊಡಗುತ್ತದೆ.