ಗಲಾಪಗೋಸ್ ಕ್ರೂಸ್‌ಗೆ ಹೊರಟಿದ್ದೀರಾ? ಫರ್ನಾಂಡಿನಾ ಬಿಡಬೇಡಿ

ಗಲಾಪಗೋಸ್ ಅಂದರೆ ಪೆಸಿಫಿಕ್ ಸಾಗರದಲ್ಲಿರುವ ಈಕ್ವೆಡಾರ್ ದೇಶದ ದ್ವೀಪಗಳು. ಬುಕ್ ಮಾಡುವಾಗ ಅವುಗಳಲ್ಲಿ ಪಶ್ಚಿಮದ ಫರ್ನಾಂಡಿನಾ ದ್ವೀಪ ಇರುವ ರೂಟನ್ನೇ ಕೇಳಿ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ದ್ವೀಪವೇ ಒಂದು ಜೀವಂತ ಜ್ವಾಲಾಮುಖಿ. 2024ರ ಮಾರ್ಚ್‌ನಲ್ಲೂ ಲಾವಾ ಉಕ್ಕಿತ್ತು.

ದ್ವೀಪದಲ್ಲಿ ಇಳಿಯುವ ಜಾಗ ಪುಂಟಾ ಎಸ್ಪಿನೋಸಾದಲ್ಲಿ ಸಣ್ಣ ದೋಣಿಯಿಂದ ಇಳಿದ ಕೂಡಲೇ ಕಾಲ ಕೆಳಗೆ ನೋಡಿಕೊಳ್ಳಿ. ಕಡಲ ಇಗುವಾನಾ ಎಂಬ ದೊಡ್ಡ ಹಲ್ಲಿಗಳದ್ದೂ ಲಾವಾ ಬಂಡೆಯದ್ದೂ ಒಂದೇ ಕಪ್ಪು ಬಣ್ಣ. ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುತ್ತಿರುತ್ತವೆ, ಗೊತ್ತಾಗದೆ ತುಳಿದುಬಿಟ್ಟೀರಿ! ಆಗಾಗ ಮೂಗಿನಿಂದ ಫುಸ್ ಅಂತ ಉಪ್ಪುನೀರು ಚಿಮ್ಮಿಸುತ್ತವೆ. ಲೆನ್ಸ್ ಒರೆಸೋಕೆ ಬಟ್ಟೆ ಜೇಬಲ್ಲಿರಲಿ.

ಹಾರಲಾರದ ನೀರುಕಾಗೆ ಇರುವುದು ಇಲ್ಲಿ ಮತ್ತು ಪಕ್ಕದ ಇಸಾಬೆಲಾ ದ್ವೀಪದಲ್ಲಿ ಮಾತ್ರ. ಹಾರೋಕೆ ಬರದಿದ್ದರೂ ನೀರಿನಿಂದ ಬಂದು ಆ ಮೋಟು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ನನಗಂತೂ ಪೆಂಗ್ವಿನ್‌ಗಿಂತ ಇದೇ ಇಷ್ಟ.

ಪ್ರಾಣಿಗಳಿಂದ 2 ಮೀಟರ್ ದೂರ ನಿಲ್ಲಬೇಕು. ಫ್ಲ್ಯಾಶ್ ಹಾಕುವಂತಿಲ್ಲ, ಗೈಡ್ ಬಿಟ್ಟು ಅಲೆಯುವಂತಿಲ್ಲ. ಲಾವಾ ಚೂಪಾಗಿರುತ್ತದೆ, ಹವಾಯಿ ಚಪ್ಪಲಿ ಸಾಲದು. ಗಟ್ಟಿ ಸೋಲ್‌ನ ಸ್ಯಾಂಡಲ್ ಬೇಕು.

ಸ್ನಾರ್ಕೆಲಿಂಗ್ (ಉಸಿರಾಟದ ನಳಿಗೆ ಹಾಕಿಕೊಂಡು ಕಡಲಲ್ಲಿ ಈಜುವುದು) ಇದ್ದರೆ ವೆಟ್‌ಸೂಟ್ (ಚಳಿ ತಡೆಯುವ ಈಜುಡುಗೆ) ಬಾಡಿಗೆಗೆ ಸಿಗುತ್ತಾ ಅಂತ ಮೊದಲೇ ವಿಚಾರಿಸಿ. ಸಮಭಾಜಕದ ಹತ್ತಿರ ಅಲ್ವಾ ಅಂತ ಸುಮ್ನೆ ಇಳಿದರೆ ಹಲ್ಲು ಕಟಕಟ. ಆಳದ ತಣ್ಣೀರು ಇಲ್ಲಿ ಮೇಲಕ್ಕೆ ಬರುತ್ತದೆ. ಪೆಂಗ್ವಿನ್‌ಗಳು ಇಲ್ಲಿ ಬದುಕಿರುವುದೂ ಅದರಿಂದಲೇ.