ಕಾಲೇಜು ಬಿಟ್ಟು ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್: ಸಹಿ ಹಾಕುವ ಮುನ್ನ ಮಾಡಬೇಕಾದ ಲೆಕ್ಕಗಳು

ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿದ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಅಲ್ಲಿನ ಅತಿ ದೊಡ್ಡ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯನ್ನು ನೇರವಾಗಿ ಸೇರುವಂತಿಲ್ಲ. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಒಪ್ಪಿಕೊಂಡ ನಿಯಮದ ಪ್ರಕಾರ ಡ್ರಾಫ್ಟ್ (ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ನಡೆಯುವ ವರ್ಷದ ಡಿಸೆಂಬರ್ 31ರೊಳಗೆ ಅವನಿಗೆ 19 ತುಂಬಬೇಕು. ಜೊತೆಗೆ, ಅವನ ಬ್ಯಾಚು ಹೈಸ್ಕೂಲು ಮುಗಿಸಿದ ಮೇಲೆ ಒಂದು ಎನ್‌ಬಿಎ ಸೀಸನ್ ಕಳೆದಿರಬೇಕು. ನಡುವಿನ ಆ ವರ್ಷವನ್ನು ಕಾಲೇಜಿನಲ್ಲಿ ಕಳೆಯಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಸಂಬಳದ ದಾರಿಗಳು ಹುಟ್ಟಿಕೊಂಡದ್ದು ಈ ಸಂದಿನಲ್ಲೇ.

ಆದ್ದರಿಂದ ಮೊದಲು ಹುಟ್ಟಿದ ದಿನಾಂಕ ನೋಡಿ. 2007ರ ಡಿಸೆಂಬರ್ 31ರಂದು ಹುಟ್ಟಿದವನು ವಯಸ್ಸಿನ ಲೆಕ್ಕದಲ್ಲಿ 2026ರ ಡ್ರಾಫ್ಟ್‌ಗೆ ಬರುತ್ತಾನೆ. ಮರುದಿನ ಹುಟ್ಟಿದವನು 2027ರವರೆಗೆ ಕಾಯಬೇಕು. ಅಂಥವನಿಗೆ ತುಂಬಬೇಕಾದದ್ದು ಒಂದು ಸೀಸನ್ನೋ ಎರಡೋ ಎಂಬುದು ಗೊತ್ತಾಗದೆ ಯಾವ ಕ್ಲಬ್ಬಿನ ಜೊತೆಗೂ ಮಾತಿಗೆ ಕೂರಬೇಡಿ. ಒಂದು ವರ್ಷದ ಒಪ್ಪಂದ ಮಾಡಿಕೊಂಡು ಎರಡನೇ ವರ್ಷ ಕೈ ಖಾಲಿಯಾದರೆ, ಅಷ್ಟರಲ್ಲಿ ಕಾಲೇಜಿನ ಬಾಗಿಲೂ ಮುಚ್ಚಿರಬಹುದು.

ಎರಡನೆಯ ಕೆಲಸ, ಹಳೆಯ ಸಲಹೆಗಳನ್ನು ಮರೆಯುವುದು. 2008ರಲ್ಲಿ ಬ್ರಾಂಡನ್ ಜೆನ್ನಿಂಗ್ಸ್ ಎಂಬ ಅಮೆರಿಕನ್ ಹುಡುಗ ಕಾಲೇಜು ಬಿಟ್ಟು ರೋಮ್‌ನ ಕ್ಲಬ್ಬಿಗೆ ಹೋದಾಗ ಕಾಲೇಜು ತಂಡದಲ್ಲಿ ಆಡುವವರಿಗೆ ಸಿಗುತ್ತಿದ್ದದ್ದು ಸ್ಕಾಲರ್‌ಶಿಪ್ ಮಾತ್ರ. 2014ರಲ್ಲಿ ಇಮ್ಯಾನ್ಯುಯಲ್ ಮುಡಿಯೇ ಚೀನಾದ ಗ್ವಾಂಗ್‌ಡಾಂಗ್ ತಂಡ ಸೇರಿದಾಗಲೂ ಹಾಗೆಯೇ ಇತ್ತು. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಹಣ ಗಳಿಸಬಹುದು. ಇದನ್ನೇ ಎನ್‌ಐಎಲ್ ಎನ್ನುತ್ತಾರೆ. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷ ಒಂದು ಸಂಸ್ಥೆಗೆ ಎಲ್ಲ ಕ್ರೀಡೆಗಳೂ ಸೇರಿ ಗರಿಷ್ಠ ಮಿತಿ ಸುಮಾರು 2.05 ಕೋಟಿ ಡಾಲರ್. ಎನ್‌ಬಿಎ ತನ್ನ ಕೆಳಹಂತದ ಲೀಗ್ ಆದ ಜಿ ಲೀಗಿನಲ್ಲಿ ಇಂಥ ಹುಡುಗರಿಗಾಗಿ 2020ರಲ್ಲಿ ತಾನೇ ಕಟ್ಟಿದ ಇಗ್ನೈಟ್ ತಂಡವನ್ನು 2024ರಲ್ಲಿ ಮುಚ್ಚಿತು. ಜೇಲನ್ ಗ್ರೀನ್, ಸ್ಕೂಟ್ ಹೆಂಡರ್ಸನ್ ಎನ್‌ಬಿಎಗೆ ಬಂದದ್ದು ಆ ತಂಡದಿಂದ; ನಮ್ಮ ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ ಆಡಿದ್ದೂ ಅಲ್ಲೇ. ಕಾಲೇಜೇ ಹಣ ಕೊಡತೊಡಗಿದ ಮೇಲೆ ಅದರ ಅಗತ್ಯ ಉಳಿಯಲಿಲ್ಲ. ಹಾಗಾಗಿ ಇವತ್ತು ಬರೀ ದುಡ್ಡಿಗಾಗಿ ಕಾಲೇಜು ಬಿಡುವುದು ಬಹುಪಾಲು ಅಮೆರಿಕನ್ ಹುಡುಗರಿಗೆ ನಷ್ಟದ ವ್ಯಾಪಾರ.

ಹಾಗಾದರೆ ಕಾಲೇಜು ಬಿಟ್ಟು ಸಂಬಳದ ದಾರಿ ಹಿಡಿದರೆ ಯಾರಿಗೆ ಲಾಭ? ಬೆಂಗಳೂರಿನಿಂದಲೋ ಬೇರೆ ದೇಶದಿಂದಲೋ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದ ಕಾಲೇಜಿಗೆ ಹೋಗಬೇಕಾದವನಿಗೆ, ಒಂದು ಮಟ್ಟಿಗೆ. ವಿದ್ಯಾರ್ಥಿ ವೀಸಾದಲ್ಲಿರುವವನು ಅಮೆರಿಕದ ನೆಲದಲ್ಲಿ ಹಣ ಪಡೆದು ಜಾಹೀರಾತಿನಲ್ಲಿ ನಟಿಸಿದರೆ ಅದು ಅನುಮತಿ ಇಲ್ಲದ ಉದ್ಯೋಗವಾಗಿ ವೀಸಾಕ್ಕೇ ಕುತ್ತು ಬರುತ್ತದೆ. ಪಕ್ಕದ ಲಾಕರಿನ ಅಮೆರಿಕನ್ ಹುಡುಗನಿಗೆ ಸಿಗುವ ಹಣ ಇವನಿಗೆ ಸುಲಭವಾಗಿ ಸಿಗುವುದಿಲ್ಲ. ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ಹುಟ್ಟಿ ಅಲ್ಲಿನ ಪೌರತ್ವ ಇರುವ ಕನ್ನಡಿಗರ ಮಕ್ಕಳಿಗೆ ಈ ತೊಡಕಿಲ್ಲ. ತರಗತಿಯ ಹೊರೆಯಿಲ್ಲದೆ, ಬಲಿತ ಗಂಡಸರ ಎದುರು ಆಡಿ ಪಳಗಬೇಕಾದವನಿಗೂ ಹೊರದೇಶದ ಲೀಗ್ ಒಳ್ಳೆಯದು.

ಈಗ ಉಳಿದಿರುವ ದಾರಿಗಳು

ಆಸ್ಟ್ರೇಲಿಯಾ–ನ್ಯೂಜಿಲೆಂಡಿನ ವೃತ್ತಿಪರ ಲೀಗ್ ಎನ್‌ಬಿಎಲ್, ಡ್ರಾಫ್ಟ್‌ಗೆ ಕಾಯುವ ಹುಡುಗರಿಗಾಗಿ 2018ರಲ್ಲಿ ಶುರುಮಾಡಿದ ನೆಕ್ಸ್ಟ್ ಸ್ಟಾರ್ಸ್ ಯೋಜನೆಯನ್ನು ಮೊದಲು ನೋಡಬೇಕು. ಲಮೆಲೊ ಬಾಲ್ ಇಲವಾರಾ ತಂಡದಿಂದ 2020ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ, ಜಾಶ್ ಗಿಡ್ಡಿ ಅಡಿಲೇಡ್‌ನಿಂದ 2021ರಲ್ಲಿ ಆರನೆಯವನಾಗಿ, ಅಲೆಕ್ಸ್ ಸಾರ್ ಪರ್ತ್‌ನಿಂದ 2024ರಲ್ಲಿ ಎರಡನೆಯವನಾಗಿ ಆಯ್ಕೆಯಾದರು. ಅಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವುದರಿಂದ ಕೋಚ್ ಹೇಳಿದ್ದು ಅರ್ಥವಾಗುತ್ತದೆ, ಇದು ಸಣ್ಣ ಅನುಕೂಲವಲ್ಲ. ಲೀಗಿನ ಮುಖ್ಯ ಸುತ್ತು ಫೆಬ್ರವರಿ ಹೊತ್ತಿಗೆ ಮುಗಿಯುವುದರಿಂದ ಜೂನ್‌ನ ಡ್ರಾಫ್ಟ್‌ಗೆ ತಯಾರಾಗಲು ತಿಂಗಳುಗಳು ಸಿಗುತ್ತವೆ. ಯುರೋಪಿನ ಲೀಗುಗಳು ಮೇ, ಜೂನ್‌ವರೆಗೂ ಎಳೆಯುತ್ತವೆ. ಎನ್‌ಬಿಎ ತಂಡಗಳು ಪರೀಕ್ಷೆಗೆ ಕರೆಯುವ ಹೊತ್ತಿಗೆ ಹುಡುಗ ಇನ್ನೂ ಪ್ಲೇಆಫ್‌ನಲ್ಲಿ ಸಿಕ್ಕಿಕೊಂಡಿರುತ್ತಾನೆ.

ಅಟ್ಲಾಂಟಾದ ಓವರ್‌ಟೈಮ್ ಎಲೀಟ್ ಎಂಬ ಲೀಗ್ ಹೈಸ್ಕೂಲು ವಯಸ್ಸಿನವರಿಗೆ. 2021ರಲ್ಲಿ ವರ್ಷಕ್ಕೆ ಕನಿಷ್ಠ 1 ಲಕ್ಷ ಡಾಲರ್ ಸಂಬಳದೊಂದಿಗೆ ಶುರುವಾಯಿತು. ಅವಳಿ ಸೋದರರಾದ ಅಮೆನ್ ಮತ್ತು ಆಸರ್ ಥಾಂಪ್ಸನ್ 2023ರ ಡ್ರಾಫ್ಟ್‌ನಲ್ಲಿ ನಾಲ್ಕು ಮತ್ತು ಐದನೆಯವರಾದದ್ದು ಇಲ್ಲಿಂದಲೇ. ನಂತರ ಸಂಬಳ ಬಿಟ್ಟು ಸ್ಕಾಲರ್‌ಶಿಪ್ ಪಡೆಯುವ ಆಯ್ಕೆಯೂ ಬಂತು. ಕಾಲೇಜಿಗೆ ಹೋಗುವ ಸಾಧ್ಯತೆ ಕೊಂಚವಾದರೂ ಇದ್ದರೆ ಈ ಎರಡನೆಯದನ್ನೇ ಆರಿಸಿಕೊಳ್ಳಿ.

ಜಿ ಲೀಗಿನ ಸಾಮಾನ್ಯ ತಂಡಕ್ಕೆ 18 ತುಂಬಿದವರು ಸೇರಬಹುದು. ಆದರೆ 2024–25ರಲ್ಲಿ ಇಡೀ ಸೀಸನ್ನಿನ ಮೂಲ ಸಂಬಳ 43,000 ಡಾಲರ್ ಇತ್ತು. ಕಾಲೇಜಿನ ಹಣದ ಎದುರು ಇದು ಏನೂ ಅಲ್ಲ.

ಕಾಲೇಜಿನ ಅರ್ಹತೆ

ಏಜೆಂಟ್ ಜೊತೆ ಸಹಿ ಹಾಕುವ ಮೊದಲೇ, ಆಸಕ್ತಿ ತೋರಿದ ವಿಶ್ವವಿದ್ಯಾಲಯದ ಕಂಪ್ಲಯನ್ಸ್ ವಿಭಾಗಕ್ಕೆ (ಕ್ರೀಡಾ ನಿಯಮಗಳ ಪಾಲನೆ ನೋಡಿಕೊಳ್ಳುವ ವಿಭಾಗ) ಬರಹದಲ್ಲಿ ಕೇಳಿ: ಈ ಸಂಬಳ, ಈ ಏಜೆಂಟ್, ಇಷ್ಟು ಪಂದ್ಯ, ಇದಾದ ಮೇಲೂ ಹುಡುಗ ಆಡಬಹುದೇ? 2025ರಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಸಡಿಲವಾಗಿದ್ದು ನಿಜ. ಇಗ್ನೈಟ್‌ನಲ್ಲಿ ಆಡಿದ್ದ ಥಿಯರಿ ಡಾರ್ಲಾನ್ ಸಾಂಟಾ ಕ್ಲಾರಾಗೂ ಲಂಡನ್ ಜಾನ್ಸನ್ ಲೂಯಿವಿಲ್‌ಗೂ ಒಪ್ಪಿಕೊಂಡರು. ಆದರೆ ಅವರಿಗೆ ಸಿಕ್ಕಿತೆಂದು ನಿಮ್ಮ ಮಗನಿಗೂ ಸಿಗುತ್ತದೆ ಎಂದುಕೊಳ್ಳಬೇಡಿ. ಫೋನಿನಲ್ಲಿ ಕೊಟ್ಟ ಭರವಸೆಗೆ ಬೆಲೆಯಿಲ್ಲ, ಇಮೇಲ್ ಬೇಕು.

ಒಪ್ಪಂದ ಓದುವ ಬಗೆ

ಹೊರದೇಶದಲ್ಲಿ ಹುಡುಗರು ಕೆಡುವುದು ಆಟದಿಂದಲ್ಲ, ಕಾಗದದಿಂದ. ಈ ಭಾಗಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ.

ಏಜೆಂಟ್ ಫಿಬಾ (ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಪರವಾನಗಿ ಇರುವವನೇ ಎಂದು ಫಿಬಾ ಜಾಲತಾಣದಲ್ಲಿ ಹೆಸರು ಹುಡುಕಿ. ಅವನ ಶುಲ್ಕ ಸಾಮಾನ್ಯವಾಗಿ ಸಂಬಳದ 10 ಪ್ರತಿಶತದೊಳಗೆ ಇರುತ್ತದೆ. ಯುರೋಪಿನಲ್ಲಿ ಅದನ್ನು ಕ್ಲಬ್ಬೇ ಕೊಡುವುದು ರೂಢಿ. ಯಾರು ಕೊಡುತ್ತಾರೆಂದು ಒಪ್ಪಂದದಲ್ಲಿ ಇಲ್ಲದಿದ್ದರೆ ಎರಡೂ ಕಡೆಯಿಂದ ವಸೂಲಿಯಾಗುವುದುಂಟು.

ಸಂಬಳದ ಅಂಕಿಯ ಮುಂದೆ ‘ನೆಟ್’ ಎಂದಿದೆಯೋ ‘ಗ್ರಾಸ್’ ಎಂದಿದೆಯೋ ನೋಡಿ. ಗ್ರಾಸ್ ಎಂದರೆ ತೆರಿಗೆ ನಿಮ್ಮದು. ನೆಟ್ ಎಂದರೆ ಅಲ್ಲಿನ ತೆರಿಗೆ ಕ್ಲಬ್ಬಿನದು, ತೆರಿಗೆ ಕಟ್ಟಿದ ರಸೀದಿ ಕೊಡಬೇಕೆಂದೂ ಬರೆಸಿ. ಅಮೆರಿಕದ ಪೌರ ಎಲ್ಲಿ ಗಳಿಸಿದರೂ ತನ್ನ ದೇಶಕ್ಕೆ ಲೆಕ್ಕ ಒಪ್ಪಿಸಬೇಕು, ಆಗ ಆ ರಸೀದಿ ಇಲ್ಲದಿದ್ದರೆ ಪರದಾಟ.

ಸಂಬಳ ‘ಪೂರ್ತಿ ಗ್ಯಾರಂಟಿ’ ಎಂದಿರಬೇಕು: ಗಾಯವಾದರೂ, ಕೋಚ್ ಬದಲಾದರೂ, ಬೆಂಚಿನಲ್ಲಿ ಕೂರಿಸಿದರೂ ಹಣ ಬರಬೇಕು. ವೈದ್ಯಕೀಯ ತಪಾಸಣೆ ಬಂದಿಳಿದ 72 ಗಂಟೆಯೊಳಗೆ ಮುಗಿಯಬೇಕೆಂದು ಬರೆಸಿ. ಅವಧಿ ಇಲ್ಲದಿದ್ದರೆ ಎರಡು ತಿಂಗಳಾದ ಮೇಲೆ ‘ಮೊಣಕಾಲು ಸರಿಯಿಲ್ಲ’ ಎಂದು ಕಳಚಿಕೊಳ್ಳಲು ಕ್ಲಬ್ಬಿಗೆ ದಾರಿ ಬಿಟ್ಟುಕೊಟ್ಟಂತೆ. ಮುಡಿಯೇ ಚೀನಾದಲ್ಲಿ ಕಣಕಾಲಿನ ಗಾಯದಿಂದ ಆಡಿದ್ದೇ 12 ಪಂದ್ಯ. ಆದರೂ 2015ರಲ್ಲಿ ಏಳನೆಯವನಾಗಿ ಆಯ್ಕೆಯಾದ. ಗಾಯ ಭವಿಷ್ಯವನ್ನು ಕೆಡಿಸದಿರಬಹುದು, ಆ ವರ್ಷದ ಹಣವನ್ನು ಕಾಪಾಡುವುದು ಮಾತ್ರ ಒಪ್ಪಂದದ ಸಾಲು.

ಯುರೋಪಿನಲ್ಲಿ ಅತಿ ಸಾಮಾನ್ಯ ದೂರೆಂದರೆ ತಡವಾದ ಸಂಬಳ. ಇಂತಿಷ್ಟು ದಿನ ತಡವಾದರೆ ಅಭ್ಯಾಸಕ್ಕೆ ಬರದಿರುವ ಹಕ್ಕು, ಇನ್ನೂ ತಡವಾದರೆ ಪೂರ್ತಿ ಬಾಕಿಯೊಂದಿಗೆ ಬಿಟ್ಟುಹೋಗುವ ಹಕ್ಕು, ಎರಡನ್ನೂ ದಿನಗಳ ಲೆಕ್ಕದಲ್ಲಿ ಬರೆಸಿ. ಅದರ ಕೆಳಗೆ ಆಟಗಾರರು–ಕ್ಲಬ್ಬುಗಳ ನಡುವಿನ ವ್ಯಾಜ್ಯ ತೀರಿಸುವ ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್‌ನ, ಅಂದರೆ ಬ್ಯಾಟ್‌ನ, ಮಾದರಿ ಪ್ಯಾರಾವನ್ನು ಒಂದಕ್ಷರವೂ ಬದಲಿಸದೆ ಸೇರಿಸಿ. ಆ ಪ್ಯಾರಾ ಒಪ್ಪಂದದಲ್ಲಿ ಇಲ್ಲದಿದ್ದರೆ ಜಿನೀವಾದ ಆ ಟ್ರಿಬ್ಯೂನಲ್ ನಿಮ್ಮ ದೂರು ಕೇಳುವುದಿಲ್ಲ. ಭಾಷೆ ಬಾರದ ಊರಿನ ಕೋರ್ಟಿಗೆ ಅಲೆಯಬೇಕು. ಬ್ಯಾಟ್‌ನ ತೀರ್ಪಿನಂತೆ ಹಣ ಕೊಡದ ಕ್ಲಬ್ಬು ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಬಾ ತಡೆಯಬಹುದು. ಕ್ಲಬ್ಬುಗಳು ಹೆದರುವುದು ಇದಕ್ಕೆ.

ಕೊನೆಯದಾಗಿ ಬಿಡುಗಡೆಯ ಸಾಲು. ಡ್ರಾಫ್ಟ್ ಆದ ಮೇಲೆ ಎನ್‌ಬಿಎಗೆ ಹೋಗಲು ಎಷ್ಟು ಹಣ ಕಟ್ಟಬೇಕು, ಯಾವ ತಾರೀಖಿನೊಳಗೆ ತಿಳಿಸಬೇಕು ಎಂಬುದು ಅಂಕಿಯಲ್ಲೇ ಇರಲಿ. ‘ಪರಸ್ಪರ ಮಾತುಕತೆಯಿಂದ’ ಎಂದಿದ್ದರೆ ಕೀಲಿಕೈ ಕ್ಲಬ್ಬಿನ ಕೈಯಲ್ಲಿದೆ ಎಂದೇ ಅರ್ಥ.

18 ತುಂಬದವರಿಗೆ ಇನ್ನೊಂದು ಗೋಡೆಯಿದೆ. ಒಂದು ದೇಶದ ಒಕ್ಕೂಟದಿಂದ ಇನ್ನೊಂದಕ್ಕೆ ಹೋಗಲು ಲೆಟರ್ ಆಫ್ ಕ್ಲಿಯರೆನ್ಸ್ (ಹಳೆಯ ಒಕ್ಕೂಟದ ಬಿಡುಗಡೆ ಪತ್ರ) ಬೇಕು, ವಿಶೇಷ ಕಾರಣವಿಲ್ಲದೆ 18ರೊಳಗಿನವರಿಗೆ ಅದು ಸಿಗುವುದಿಲ್ಲ. ಟಿಕೆಟ್ ತೆಗೆಸುವ ಮೊದಲು ಇದನ್ನು ಬಗೆಹರಿಸಿಕೊಳ್ಳಿ.

ಆಡಲು ಸಿಗುವ ನಿಮಿಷಗಳು

ಇಷ್ಟು ನಿಮಿಷ ಆಡಿಸುತ್ತೇವೆಂದು ಯಾವ ಕ್ಲಬ್ಬೂ ಬರೆದುಕೊಡುವುದಿಲ್ಲ. ಹಾಗಾಗಿ ನೀವೇ ಲೆಕ್ಕ ಹಾಕಬೇಕು. ಹೋದ ಎರಡು ಸೀಸನ್‌ಗಳಲ್ಲಿ ಆ ಕೋಚ್ 20ರೊಳಗಿನವರನ್ನು ಎಷ್ಟು ನಿಮಿಷ ಆಡಿಸಿದ್ದಾನೆ, ಹುಡುಗನ ಜಾಗದಲ್ಲಿ ಈಗಾಗಲೇ ಯಾರಿದ್ದಾರೆ, ಅವರ ಒಪ್ಪಂದ ಎಂದು ಮುಗಿಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ರೋಮ್‌ನಲ್ಲಿ ಜೆನ್ನಿಂಗ್ಸ್‌ಗೂ ಪಂದ್ಯಕ್ಕೆ ಸಿಕ್ಕಿದ್ದು ಸುಮಾರು 17 ನಿಮಿಷ. ಫಿಬಾ ಪಂದ್ಯ 40 ನಿಮಿಷದ್ದು, ಎನ್‌ಬಿಎ 48ರದ್ದು. ಮೂರು ಅಂಕದ ಗೆರೆ ಫಿಬಾದಲ್ಲಿ 6.75 ಮೀಟರ್, ಎನ್‌ಬಿಎಯಲ್ಲಿ 7.24. ಅಂಕಗಳು ಕಡಿಮೆ ಕಂಡರೆ ಗಾಬರಿ ಬೇಡ. ಎನ್‌ಬಿಎ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳಿಗೆ ಈ ವ್ಯತ್ಯಾಸ ಗೊತ್ತಿದೆ. ಅವರು ಅಂಕಗಳಷ್ಟೇ ಡಿಫೆನ್ಸ್‌ನಲ್ಲಿ ಕಾಲು ಚಲಿಸುವ ರೀತಿ, ಪಾಸ್ ಮಾಡುವ ತೀರ್ಮಾನಗಳನ್ನೂ ನೋಡುತ್ತಾರೆ.

ಡ್ರಾಫ್ಟ್‌ಗೆ ಮೊದಲೇ ಹೆಸರು ಕೊಡುವವರು 60 ದಿನ ಮುಂಚೆ ಕೊಡಬೇಕು. ಅಂತಾರಾಷ್ಟ್ರೀಯ ಆಟಗಾರರು ಡ್ರಾಫ್ಟ್‌ಗೆ 10 ದಿನ ಮೊದಲಿನವರೆಗೆ ಹಿಂತೆಗೆದುಕೊಳ್ಳಬಹುದು. ಎರಡೂ ತಾರೀಖನ್ನು ಏಜೆಂಟ್ ನೆನಪಿಟ್ಟುಕೊಳ್ಳುತ್ತಾನೆ ಎಂದು ನಂಬಿ ಕೂರದೆ, ಮನೆಯ ಕ್ಯಾಲೆಂಡರಿನಲ್ಲಿ ನೀವೇ ಗುರುತು ಹಾಕಿಡಿ.