ಹತ್ತು ನಡೆ, ಕೈಕುಲುಕು, ಅರ್ಧರ್ಧ ದುಡ್ಡು

ತುಮಕೂರಿನಲ್ಲಿ ಏಳೆಂಟು ವರ್ಷದಿಂದ ಭಾನುವಾರದ ರ‍್ಯಾಪಿಡ್ ಚೆಸ್ ಟೂರ್ನಿ ನಡೆಸ್ತಿದ್ದೀನಿ. ಕೊನೇ ರೌಂಡ್ ಬಂದರೆ ಮೇಲಿನ ಬೋರ್ಡಿನವರು, ಅಂದರೆ ಪಾಯಿಂಟಿನಲ್ಲಿ ಮುಂದಿರೋರು, ಹತ್ತು ನಡೆ ಆಡಿ, ಡ್ರಾ ಅಂತ ಕೈಕುಲುಕಿ, ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೊರಟುಬಿಡೋರು. ಬಹುಮಾನದ ಪಾಲು ಬೈಕ್ ಸ್ಟ್ಯಾಂಡಿನಲ್ಲೇ ಆಗಿರೋದು.

ಹೋರಾಡಿ ಆದ ಡ್ರಾ ಬಗ್ಗೆ ನನ್ನ ತಕರಾರಿಲ್ಲ. 2018ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕಾರ್ಲ್‌ಸನ್, ಕರುವಾನಾ ಹನ್ನೆರಡಕ್ಕೆ ಹನ್ನೆರಡೂ ಡ್ರಾ ಮಾಡಿದರು, ನಿದ್ದೆಗೆಟ್ಟು ನೋಡಿದೆ.

ಮೊದಲು ಸೋಫಿಯಾ ರೂಲ್ಸ್ ಹಾಕಿದೆ, ಡ್ರಾ ಕೇಳೋಹಾಗಿಲ್ಲ ಅಂತ. ನಮ್ಮ ಹುಡುಗರು ಡ್ರಾ ಕೇಳಲೇ ಇಲ್ಲ. ಕುದುರೆನ ಆಚೆ ಈಚೆ ಕುಣಿಸಿ, ಮೂರು ಸಲ ಅದೇ ಪೊಸಿಷನ್ ತಂದು, ನಿಯಮದ ಪ್ರಕಾರ ಇದು ಡ್ರಾ ಅಂತ ಆರ್ಬಿಟರ್‌ನ (ತೀರ್ಪುಗಾರರನ್ನ) ಕರೆದರು. ಮರುವರ್ಷ ಸ್ಪೇನಿನ ಬಿಲ್ಬಾವೊ ಟೂರ್ನಿ ಥರ ಗೆಲುವಿಗೆ 3 ಪಾಯಿಂಟ್, ಡ್ರಾಗೆ 1. ಅದು ಇನ್ನೂ ಕೆಟ್ಟಿತು: ಒಬ್ಬ ಬೇಕಂತಲೇ ರಾಣಿ ಬಿಟ್ಟುಕೊಟ್ಟ, ದುಡ್ಡು ಆಮೇಲೆ ಹಂಚಿಕೊಂಡರು. ನೋಡಿದ ಪೋಷಕರು ಬೈದರು, ಮುಂದಿನ ಸಲ ಎಂಟ್ರಿ ಕಮ್ಮಿಯಾಗಿ ಹನ್ನೆರಡು ಸಾವಿರದಷ್ಟು ಕೈಯಿಂದ ಹೋಯ್ತು.

ಆಗ ಆರ್ಮಗೆಡ್ಡಾನ್ ಅಂದೆ, ಡ್ರಾ ಆದಮೇಲೆ ಗೆದ್ದವರು ಯಾರು ಅಂತ ತೀರ್ಮಾನಿಸೋಕೆ ಆಡೋ ಇನ್ನೊಂದು ಚುಟುಕು ಆಟ. ನಾರ್ವೆ ಚೆಸ್ ಟೂರ್ನಿಯಲ್ಲಿ 2019ರಿಂದ ಆಡಿಸ್ತಾರಲ್ಲ, ಅದೇ. "ಸಾರ್, ಆರಕ್ಕೆ ಹಾಲ್ ಖಾಲಿ ಮಾಡ್ಬೇಕು, ಇದೆಲ್ಲ ಆಗೋ ಮಾತಲ್ಲ" ಅಂದರು ನಮ್ಮ ಆರ್ಬಿಟರ್. ಅದಕ್ಕೇ ಕೊನೆಯ ಎರಡು ರೌಂಡ್, ಮೇಲಿನ ನಾಲ್ಕು ಬೋರ್ಡಿಗೆ ಮಾತ್ರ ಇಟ್ಟೆ. ಡ್ರಾ ಆದರೆ ಎದ್ದು ಹೋಗೋಹಾಗಿಲ್ಲ. ಬಿಳಿಗೆ ಐದು ನಿಮಿಷ. ಎಷ್ಟು ಟೈಮಿಗೆ ಕಪ್ಪು ಆಡ್ತೀರಿ ಅಂತ ಇಬ್ಬರೂ ಚೀಟಿ ಬರೀಬೇಕು, ಕಮ್ಮಿ ಬರೆದವನಿಗೆ ಕಪ್ಪು. ಮತ್ತೆ ಡ್ರಾ ಆದರೆ ಕಪ್ಪೇ ಗೆದ್ದಂಗೆ. ಗೆದ್ದವನಿಗೆ ಕಾಲು ಪಾಯಿಂಟ್ ಜಾಸ್ತಿ. ಯಾರಿಗೆ ಯಾರು ಎದುರಾಳಿ ಅಂತ ಜೋಡಿ ಹಾಕೋ ನಮ್ಮ ಪೇರಿಂಗ್ ಸಾಫ್ಟ್‌ವೇರ್ ಕಾಲು ಪಾಯಿಂಟ್ ತಗೊಳ್ಳಲ್ಲ. ಹೇಗೆ ಸೇರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಒಂಬತ್ತು ವರ್ಷದೊಳಗಿನವರಿಗೂ ಹಾಕಿ ನೋಡಿದೆ. ಅಲ್ಲಿ ಡ್ರಾ ಅಂದರೆ ಎರಡು ರಾಣಿ ಇಟ್ಕೊಂಡೂ ಸ್ಟೇಲ್‌ಮೇಟ್ ಮಾಡೋದು, ಅಂದರೆ ಶಹ ಕೊಡದೇ ಎದುರಾಳಿಗೆ ನಡೆಯೇ ಇಲ್ಲದಂಗೆ ಮಾಡೋದು. ಮೊದಲೇ ಅಳ್ತಿರೋ ಮಗುನ ಮತ್ತೆ ಕೂರಿಸೋದಾ? ಅವತ್ತೇ ಬಿಟ್ಟೆ.

ಹೋದ ವರ್ಷ ಆ ಎಂಟು ಆಟದಲ್ಲಿ ಡ್ರಾ ಮೂರೋ ನಾಲ್ಕೋ, ಎಲ್ಲಾ ನಲವತ್ತು ನಡೆ ದಾಟಿದ್ದು. ಐವತ್ತು ಜನ ಸುತ್ತ ನಿಂತಾಗ ಬೇಕಂತ ಸೋಲೋಕೆ ಮರ್ಯಾದೆ ಬಿಡಲ್ಲ. ಶಿರಾ ಕಡೆಯ ಹುಡುಗನೊಬ್ಬ ಚೀಟಿಯಲ್ಲಿ 2 ನಿಮಿಷ 10 ಸೆಕೆಂಡ್ ಅಂತ ಬರೆದು ಕಪ್ಪು ತಗೊಂಡ. ಮೂರು ಸೆಕೆಂಡ್ ಉಳಿದಿತ್ತು, ಕೈ ನಡುಗ್ತಿತ್ತು, ಬರೀ ರಾಜ ಇಟ್ಕೊಂಡು ಎದುರಾಳಿಯ ಕೊನೇ ಪ್ಯಾದೆ ತಿಂದು ಡ್ರಾ ಮಾಡಿ ಆರು ಸಾವಿರ ಗೆದ್ದ. ಹಾಲ್ ಬಿಟ್ಟಿದ್ದು ಆರೂ ಇಪ್ಪತ್ತಕ್ಕೆ. ವಾಚ್‌ಮನ್‌ಗೆ ಇನ್ನೂರು ಕೊಟ್ಟೆ. ಅವನೂ ಬಾಗಿಲಲ್ಲಿ ನಿಂತು ಆಟ ನೋಡ್ತಿದ್ದ.